ಶುಕ್ರವಾರ ಕೊಂಡೆ, ಆಮೇಲೆ ಬುಧವಾರಕ್ಕೆ ಬದಲಾಯಿಸಿಕೊಂಡೆ

ಕಳೆದ ವರ್ಷ ಜುಲೈನಿಂದ ನಾನು ವಾರಕ್ಕೆ ನಾಲ್ಕೇ ದಿನ ಕೆಲಸ ಮಾಡುತ್ತಿದ್ದೇನೆ. ಸಂಬಳವೂ ಐದರಲ್ಲಿ ನಾಲ್ಕು ಪಾಲು. ಇದನ್ನು ಹೇಳಿದ ತಕ್ಷಣ ಗಂಡಸರು "ಎಷ್ಟು ಕಟ್ ಆಯ್ತು?" ಅಂತ ಕೇಳುತ್ತಾರೆ, ಹೆಂಗಸರು "ನಿಮ್ಮ ಆಫೀಸಲ್ಲಿ ಹೇಗೆ ಒಪ್ಪಿದ್ರು?" ಅಂತ ಕೇಳುತ್ತಾರೆ. ಎರಡಕ್ಕೂ ಕೆಳಗೆ ಉತ್ತರ ಇದೆ. ಆದರೆ ಆ ಐದನೇ ದಿನ ನಿನ್ನ ಕೈಗೆ ಬಂತಾ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ನನಗೆ ಹೇಳಬೇಕು ಅನ್ನಿಸಿರುವುದು ಅದನ್ನೇ.

ಇದೆಲ್ಲ ಶುರುವಾಗಿದ್ದು ಒಂದು ಜಗಳದಿಂದ. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್. ಎನ್. ಸುಬ್ರಹ್ಮಣ್ಯನ್ ಅವರು ವಾರಕ್ಕೆ 90 ಗಂಟೆ ದುಡಿಯಬೇಕು, ಭಾನುವಾರ ಮನೆಯಲ್ಲಿ ಕೂತು ಹೆಂಡತಿಯ ಮುಖ ಎಷ್ಟು ಹೊತ್ತು ನೋಡುತ್ತೀರಿ ಎನ್ನುವ ಅರ್ಥದಲ್ಲಿ ಮಾತಾಡಿದ ವಿಡಿಯೋ ಎಲ್ಲ ಕಡೆ ಓಡಾಡುತ್ತಿತ್ತಲ್ಲ, ಅದು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೂ ಬಂತು. ಅದಕ್ಕೂ ಮುಂಚೆ, 2023ರ ಅಕ್ಟೋಬರಿನಲ್ಲಿ, ನಾರಾಯಣ ಮೂರ್ತಿಯವರ 70 ಗಂಟೆಯ ಮಾತು ಬಂದಾಗಲೂ ಇಲ್ಲಿ ಒಂದು ಸುತ್ತು ಆಗಿತ್ತು. ಸರ್ಕಾರಿ ಕೆಲಸದಿಂದ ನಿವೃತ್ತರಾಗಿರುವ ನಮ್ಮ ಚಿಕ್ಕಪ್ಪ, ಮೂವತ್ತು ವರ್ಷ ಸಂಜೆ ಆರರೊಳಗೆ ಮನೆ ಸೇರಿ ಬೋಂಡಾ ತಿಂದವರು, "ಈಗಿನವರಿಗೆ ಮೈಬಗ್ಗಿಸೋಕೇ ಆಗಲ್ಲ" ಅಂತ ಬರೆದರು. ನಾನು ಸುಮ್ನಿರಬೇಕಿತ್ತು. ಇರಲಿಲ್ಲ. ನಾನು ನಾಲ್ಕು ಸಾಲು ಕುಟ್ಟಿದ ಮೇಲೆ ಅವರು ಒಂದೇ ಮಾತು ಕೇಳಿದರು: "ಸರಿ ಕಣಮ್ಮ, ನೀನು ವಾರಕ್ಕೆ ಎಷ್ಟು ಗಂಟೆ ಕೆಲಸ ಮಾಡ್ತೀಯ, ಹೇಳು ನೋಡೋಣ."

ಹೇಳೋಕೆ ಬರಲಿಲ್ಲ. "ಜಾಸ್ತಿ" ಅನ್ನುವುದು ಬಿಟ್ಟರೆ ನನ್ನ ಹತ್ತಿರ ಬೇರೆ ಉತ್ತರ ಇರಲಿಲ್ಲ.

ಫೆಬ್ರವರಿ ಕೊನೆಯಲ್ಲಿ ಪೇಪರಿನಲ್ಲಿ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಸುದ್ದಿ ಬಂತು. 2019ರಲ್ಲಿ ಮೊದಲ ಸಲ ದೇಶದ ತುಂಬ ಮಾಡಿದ್ದರು, ಈಗ 2024ರದ್ದು ಬಂದಿತ್ತು. ಜನರ ಮನೆಗೆ ಹೋಗಿ, ನಿನ್ನೆ ಬೆಳಗಿನ ಜಾವ 4 ಗಂಟೆಯಿಂದ ಇವತ್ತು 4 ಗಂಟೆ ತನಕ ಏನೇನು ಮಾಡಿದಿರಿ ಅಂತ ಅರ್ಧರ್ಧ ಗಂಟೆಯ ಲೆಕ್ಕದಲ್ಲಿ ಕೇಳಿ ಬರೆದುಕೊಳ್ಳುತ್ತಾರೆ. 48 ಚೌಕ. ನನಗೆ ಆ 4 ಗಂಟೆ ತುಂಬ ಹಿಡಿಸಿತು. ಮಧ್ಯರಾತ್ರಿ 12ಕ್ಕೆ ದಿನ ಮುಗಿಯುವುದು ಗಡಿಯಾರದಲ್ಲಿ ಮಾತ್ರ. ಮಗು ಕೆಮ್ಮುತ್ತಿದ್ದರೆ, ಇಲ್ಲಾ ಅಮೆರಿಕದವರ ಜೊತೆ ಕಾಲ್ ಇದ್ದರೆ, ನಮ್ಮ ದಿನ 12ಕ್ಕೆ ಎಲ್ಲಿ ಮುಗಿಯುತ್ತದೆ?

ಮಗಳ ಹಳೆಯ ಲೆಕ್ಕದ ನೋಟ್‌ಬುಕ್ಕಿನಲ್ಲಿ ಅರ್ಧ ಖಾಲಿ ಇತ್ತು. ಚೌಕುಳಿ ಹಾಳೆ, ಇದಕ್ಕೆ ಹೇಳಿ ಮಾಡಿಸಿದ ಹಾಗೆ. ಮೂರು ವಾರ ಬರೆದೆ.

ಮೊದಲ ದಿನವೇ ತೊಡಕು. ಬೆಳಿಗ್ಗೆ 7ರಿಂದ 7:30ರ ಚೌಕದಲ್ಲಿ ಏನು ಬರೆಯಲಿ? ಒಲೆಯ ಮೇಲೆ ಒಗ್ಗರಣೆ, ಅಡುಗೆಮನೆ ಕಟ್ಟೆಯ ಮೇಲೆ ಕೂತ ಮಗಳಿಗೆ ಹದಿಮೂರರ ಮಗ್ಗಿ, ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಆಫೀಸಿನ ಕಾಲ್. ಸರ್ವೆಯಲ್ಲೂ ಒಂದು ಚೌಕಕ್ಕೆ ಒಂದಕ್ಕಿಂತ ಜಾಸ್ತಿ ಕೆಲಸ ಬರೆಯಲು ಅವಕಾಶ ಇದೆಯಂತೆ. ನಾನೂ ಮೂರನ್ನೂ ಬರೆದೆ. ಆದರೆ ಕೂಡುವಾಗ? ಮೂರಕ್ಕೂ ಹತ್ತತ್ತು ನಿಮಿಷ ಅಂತ ಹಂಚಿದೆ. ಅದು ಸುಳ್ಳು ಲೆಕ್ಕ, ಯಾಕೆಂದರೆ ಆ ಅರ್ಧ ಗಂಟೆ ಮೂರಕ್ಕೂ ಪೂರ್ತಿ ಹೋಗಿರುತ್ತದೆ, ಮೂರೂ ಅರ್ಧಂಬರ್ಧ ಆಗಿರುತ್ತದೆ. ಇರಲಿ, ಬೇರೆ ದಾರಿ ಇರಲಿಲ್ಲ.

ಮೂರು ವಾರದ ಸರಾಸರಿ ಹೀಗೆ ಬಂತು. ಆಫೀಸು ವಾರಕ್ಕೆ 47 ಗಂಟೆ 30 ನಿಮಿಷ. ಓಡಾಟ 9 ಗಂಟೆ. ವಾರಕ್ಕೆ ಮೂರು ದಿನ ಬನಶಂಕರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುವುದು, ಹೋಗೋಕೆ ಒಂದೂವರೆ ಗಂಟೆ, ಬರೋಕೆ ಒಂದೂವರೆ, ಅದರಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ ಒಂದೇ ತನ್ನ ಪಾಲು ಭರ್ತಿ ತೆಗೆದುಕೊಳ್ಳುತ್ತಿತ್ತು. ಅಡುಗೆ, ಮನೆಗೆಲಸ 24 ಗಂಟೆ. ಮಗಳದ್ದು 11. ನಿದ್ದೆ 46. ಮೊಬೈಲು, ನಾಚಿಕೆ ಬಿಟ್ಟು ಬರೀತೀನಿ, 9. ಸ್ನಾನ, ಊಟ, ನೆಂಟರ ಮನೆ, ಆಸ್ಪತ್ರೆ ಎಲ್ಲ ಕಳೆದ ಮೇಲೆ "ನನ್ನದು" ಅಂತ ಬರೆದ ಚೌಕಗಳು ವಾರಕ್ಕೆ ಐದು. ಅಂದರೆ ಎರಡೂವರೆ ಗಂಟೆ.

ಕಾನೂನು ಏನು ಹೇಳುತ್ತದೆ ಅಂತಲೂ ನೋಡಿದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರದ್ದು, ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅನ್ನುತ್ತದೆ. 2024ರಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆ ತನಕ ದುಡಿಸಲು ಬಿಡಬೇಕು ಎಂಬ ಪ್ರಸ್ತಾಪ ಬಂದು, ನೌಕರರ ಸಂಘ ಗಲಾಟೆ ಮಾಡಿದ್ದು ನೆನಪಿರಬಹುದು. ಅದೇ ಕಾಯ್ದೆ. ನನ್ನದು 47 ಗಂಟೆ 30 ನಿಮಿಷ. ಕಾನೂನಿನ ಒಳಗೇ ಇದ್ದೇನೆ! ದೂರಲು ಏನೂ ಇಲ್ಲ. ಚಿಕ್ಕಪ್ಪನಿಗೆ ಈ ಅಂಕಿ ಹೇಳಲೇ ಇಲ್ಲ, ಇವತ್ತಿಗೂ.

ಇನ್ನೊಂದು ಹೋಲಿಕೆ ಮಾಡಿದೆ. 2024ರ ಸರ್ವೆ ಪ್ರಕಾರ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲಿ ಕಳೆಯುತ್ತಾರೆ, ಗಂಡಸರು 88 ನಿಮಿಷ. ಐದು ವರ್ಷದ ಹಿಂದೆ ಇದು 299 ಮತ್ತು 97 ಇತ್ತು. ಹೆಂಗಸರದ್ದು ಹತ್ತು ನಿಮಿಷ ಇಳಿದಿದೆ ಅಂತ ಖುಷಿಪಡೋ ಹೊತ್ತಿಗೆ ಗಂಡಸರದ್ದೂ ಒಂಬತ್ತು ಇಳಿದಿದೆ. ನನ್ನ ಗಂಡನಿಗೂ ಒಂದು ವಾರ ಬರೆಯಲು ಹೇಳಿದ್ದೆ. ಪಾಪ, ಪ್ರಾಮಾಣಿಕವಾಗಿಯೇ ಬರೆದರು. ತರಕಾರಿ ತರುವುದು, ಗಿಡಕ್ಕೆ ನೀರು, ಬಟ್ಟೆ ಒಣಗಿಸುವುದು, ಮಗಳನ್ನು ಶಾಲೆ ವ್ಯಾನಿಗೆ ಹತ್ತಿಸುವುದು ಎಲ್ಲ ಸೇರಿ ದಿನಕ್ಕೆ 85 ನಿಮಿಷ ಬಂತು. ನನಗೆ ಸಿಕ್ಕಿರುವುದು ಭಾರತ ಸರ್ಕಾರದ ಸರಾಸರಿ ಗಂಡ.

ನನ್ನದು ದಿನಕ್ಕೆ 206 ನಿಮಿಷ. ದೇಶದ ಹೆಂಗಸರ ಸರಾಸರಿಗಿಂತ 83 ನಿಮಿಷ ಕಮ್ಮಿ. ನಾನು ಚುರುಕು ಅಂತ ಎರಡು ದಿನ ಬೀಗಿದೆ. ಆಮೇಲೆ ಹೊಳೆಯಿತು: ಬೆಳಿಗ್ಗೆ ಎಂಟಕ್ಕೆ ಬಂದು ಒಂಬತ್ತೂಕಾಲಿಗೆ ಹೋಗುವ ಅಕ್ಕ ಇದ್ದಾರಲ್ಲ, ಪಾತ್ರೆ, ಕಸ, ನೆಲ ಒರೆಸುವುದು. ಅದೇ 75 ನಿಮಿಷ ಆಯಿತು. ಉಳಿದ ಎಂಟು ನಿಮಿಷ ಅತ್ತೆ ಸೊಪ್ಪು ಬಿಡಿಸುವುದರಲ್ಲಿ ಸಿಕ್ಕೀತು.

ಮಾರ್ಚ್ ಕೊನೆಗೆ ನಿರ್ಧಾರ ಮಾಡಿದೆ. ನಮ್ಮ ಕಂಪನಿಯಲ್ಲಿ "ಕಡಿಮೆ ಅವಧಿ" ಅಂತ ಒಂದು ನಿಯಮ ಇದೆ, ಒಳಗಿನ ವೆಬ್‌ಸೈಟಿನಲ್ಲಿ ಒಂದೂವರೆ ಪುಟ. ಹನ್ನೊಂದು ವರ್ಷದಿಂದ ಅಲ್ಲಿದ್ದೇನೆ, ಅದನ್ನು ಬಳಸಿದವರನ್ನು ಒಬ್ಬರನ್ನೂ ನೋಡಿಲ್ಲ. ಸೋಫಾ ಮೇಲೆ ಹಾಸಿದ ಜರಿ ಬಟ್ಟೆ ಇದ್ದ ಹಾಗೆ, ಕೂತರೆ ಎಲ್ಲರೂ ತಿರುಗಿ ನೋಡುತ್ತಾರೆ.

ಮೊದಲು ದುಡ್ಡಿನ ಲೆಕ್ಕ. ಮುಚ್ಚಿಡೋದು ಬೇಡ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ನನ್ನ ಸಂಬಳ ತಿಂಗಳಿಗೆ 1,20,000, ಅದರಲ್ಲಿ ಬೇಸಿಕ್ ಅರ್ಧ. ಪಿಎಫ್ 7,200, ವೃತ್ತಿ ತೆರಿಗೆ 200, ಆದಾಯ ತೆರಿಗೆ ಹೊಸ ಪದ್ಧತಿಯಲ್ಲಿ ಸುಮಾರು 7,345 ಹೋಗಿ ಕೈಗೆ 1,05,000 ಚಿಲ್ಲರೆ. ಐದನೇ ಒಂದು ಭಾಗ ಕತ್ತರಿಸಿದರೆ ಸಂಬಳ 96,000. ವರ್ಷಕ್ಕೆ 11.52 ಲಕ್ಷ. ಮಜಾ ಇರುವುದು ಇಲ್ಲಿ. 2025ರ ಬಜೆಟ್ಟಿನಲ್ಲಿ ಸಂಬಳದವರಿಗೆ 12.75 ಲಕ್ಷದ ತನಕ ತೆರಿಗೆ ಬೀಳದ ಹಾಗೆ ಮಾಡಿದರಲ್ಲ, ನಾನು ಆ ಗೆರೆಯ ಈಚೆಗೆ ಬಂದುಬಿಟ್ಟೆ. ತೆರಿಗೆ ಸೊನ್ನೆ! ಪಿಎಫ್ 5,760ಕ್ಕೆ ಇಳಿಯಿತು. ಕೈಗೆ 90,000 ಚಿಲ್ಲರೆ. ಅಂದರೆ ಕಾಗದದ ಮೇಲೆ ಕಳೆದುಕೊಂಡಿದ್ದು 24,000, ಕೈಯಲ್ಲಿ ಕಮ್ಮಿಯಾಗಿದ್ದು 15,200. ತಿಂಗಳಿಗೆ ನಾಲ್ಕೂ ಚಿಲ್ಲರೆ ಶುಕ್ರವಾರ ಅಂತ ಭಾಗಿಸಿದರೆ ಒಂದು ಶುಕ್ರವಾರದ ಬೆಲೆ ಸುಮಾರು 3,500 ರೂಪಾಯಿ. (ಕಂಪನಿ ಹಾಕುವ ಪಿಎಫ್ ಪಾಲೂ 1,440 ಇಳಿಯುತ್ತದೆ, ಅದನ್ನು ನಾನು ಈ ಲೆಕ್ಕದಲ್ಲಿ ಹಿಡಿದಿಲ್ಲ.)

ಎಚ್‌ಆರ್‌ನವರು ಹೇಳದೇ ಇದ್ದ ವಿಷಯ ಒಂದಿತ್ತು, ಅಕೌಂಟ್ಸ್‌ನ ಗೆಳತಿ ಕ್ಯಾಂಟೀನಿನಲ್ಲಿ ಹೇಳಿದಳು. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು, ಲೆಕ್ಕ ಹಾಕುವುದು ಕೊನೆಯ ಸಂಬಳದ ಮೇಲೆ. ಕೊನೆಯ ಬೇಸಿಕ್ಕನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಅದಕ್ಕೆ ವರ್ಷಗಳನ್ನು ಗುಣಿಸಬೇಕು. ನನ್ನ ಹನ್ನೊಂದು ವರ್ಷಕ್ಕೆ 60,000 ಬೇಸಿಕ್ಕಿನ ಮೇಲೆ 3,80,000 ಬರಬೇಕಿದ್ದದ್ದು 48,000ದ ಮೇಲೆ 3,04,000ಕ್ಕೆ ಇಳಿಯುತ್ತದೆ. ಪೂರ್ತಿ ದಿನ ದುಡಿದ ಹಳೆಯ ವರ್ಷಗಳಿಗೂ ಈಗಿನ ಕಮ್ಮಿ ಬೇಸಿಕ್ಕೇ ಲೆಕ್ಕ. "ಕೆಲಸ ಬಿಡೋದಾದ್ರೆ ಮೊದಲು ಐದು ದಿನಕ್ಕೆ ವಾಪಸ್ ಬಾ, ಆಮೇಲೆ ರಾಜೀನಾಮೆ ಕೊಡು" ಅಂದಳು. ಈ ಒಂದು ಮಾತಿಗೆ ಅವಳಿಗೆ ಮಸಾಲೆ ದೋಸೆ ಕೊಡಿಸಿದೆ.

ಗಂಡನಿಗೆ ಹೇಳಿದಾಗ ಮೊದಲು ಬಂದ ಪ್ರಶ್ನೆ "ಇಎಂಐ?". ಎರಡನೆಯದು "ಆವತ್ತು ಏನು ಮಾಡ್ತೀಯ?". ಮೊದಲನೆಯದಕ್ಕೆ ಎಕ್ಸೆಲ್ ತೋರಿಸಿದೆ. ಮನೆ ಸಾಲಕ್ಕೆ 38,000, ಶಾಲೆ ಫೀಸು, ಅತ್ತೆಯ ಔಷಧಿ, ಎಲ್ಲ ಹಾಕಿದ ಮೇಲೂ ನಡೆಯುತ್ತದೆ, ಉಳಿತಾಯ ಕಮ್ಮಿಯಾಗುತ್ತದೆ ಅಷ್ಟೇ. ಎರಡನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಏನೂ ಇಲ್ಲ ರೀ, ಸುಮ್ನೆ" ಅಂದೆ. ಅವರ ಮುಖದಲ್ಲಿ ಗಾಬರಿ ಕಂಡಿತು. ತಿಂಗಳಿಗೆ 15,000 ಬಿಟ್ಟು ಸುಮ್ನೆ ಕೂರುವುದು ಅಂದರೆ ಹೆಂಡತಿಗೆ ಏನಾದರೂ ಆಗಿದೆಯೇನೋ ಅಂತ ಅನ್ನಿಸಿರಬೇಕು. ಇನ್ನೊಂದು ಲೋನ್ ಬೇಕಾದರೆ ಸಿಗಲ್ಲ ಅಂದರು. ಅದು ನಿಜ. ಎರಡು ವಾರ ಎಳೆದಾಡಿ ಒಪ್ಪಿದರು.

ಮ್ಯಾನೇಜರ್ ಒಳ್ಳೆಯವರೇ. "ಮನೆಯಲ್ಲಿ ಏನಾದ್ರೂ ತೊಂದರೆನಾ ಮೇಡಂ?" ಅಂತ ಕೇಳಿದರು. ಇಲ್ಲ ಅಂದೆ. "ಆರೋಗ್ಯ?" ಚೆನ್ನಾಗಿದೆ. "ಮಗು?" ಅವಳೂ ಚೆನ್ನಾಗಿದ್ದಾಳೆ. ಅವರಿಗೆ ಫಾರಂನಲ್ಲಿ ಕಾರಣ ಬರೆಯಬೇಕಿತ್ತು, ನನ್ನ ಹತ್ತಿರ ದುಃಖದ ಕಾರಣ ಇರಲಿಲ್ಲ. ಹೆರಿಗೆ, ಹಾಸಿಗೆ ಹಿಡಿದ ಹಿರಿಯರು, ಓದು ಇದ್ದಿದ್ದರೆ ಎರಡೇ ದಿನದಲ್ಲಿ ಆಗುತ್ತಿತ್ತು. ಕೊನೆಗೆ "ಕುಟುಂಬದ ಜವಾಬ್ದಾರಿ" ಅಂತ ಹಾಕಿದೆವು. ಸುಳ್ಳು ಅಂತಲ್ಲ. ಆದರೆ ನಾನು ಒಂದು ದಿನ ಕೇಳಿದ್ದು ಜವಾಬ್ದಾರಿಗೆ ಅಲ್ಲ, ಜವಾಬ್ದಾರಿಯಿಂದ ಬಿಡುವಿಗೆ. ಆವತ್ತು ಬರೆದ ಆ ಎರಡು ಪದ ಮುಂದೆ ನನ್ನನ್ನು ಎಷ್ಟು ಕಾಡಿತು ಅಂದರೆ, ಈಗ ಯಾರಾದರೂ ಕೇಳಿದರೆ ದಯವಿಟ್ಟು ಬೇರೆ ಏನಾದರೂ ಬರೀರಿ ಅನ್ನುತ್ತೇನೆ.

ಮೂರು ಅಪ್ರೂವಲ್, ಎರಡು ತಿಂಗಳು. ಜೂನ್ ಮಧ್ಯದಲ್ಲಿ ಪತ್ರ ಬಂತು. ಜುಲೈ 1ರಿಂದ, ಆರು ತಿಂಗಳ ಪ್ರಯೋಗ. ವಿಮೆ ಹಾಗೇ ಇರುತ್ತದೆ, ರಜೆ ಐದನೇ ಒಂದು ಪಾಲು ಕಮ್ಮಿ. ಯಾವ ದಿನ ಬೇಕು ಅಂತ ಕೇಳಿದ್ದರು. ಯೋಚನೆಯೇ ಮಾಡದೆ ಶುಕ್ರವಾರ ಅಂದಿದ್ದೆ. ಶುಕ್ರ, ಶನಿ, ಭಾನು, ಸಾಲಾಗಿ ಮೂರು ದಿನ, ಯಾರಿಗೆ ಬೇಡ?

ನಮ್ಮ ಮನೆಯಲ್ಲಿ ಶುಕ್ರವಾರ ಅಂದರೆ ಏನು ಅನ್ನುವುದು ಅತ್ತೆಯ ಮುಖ ಅರಳಿದಾಗ ನೆನಪಾಯಿತು.

ಮೊದಲ ಶುಕ್ರವಾರ ಜುಲೈ 4. ಆಷಾಢ. "ಹೇಗೂ ಮನೇಲೇ ಇರ್ತೀಯಲ್ಲಮ್ಮ, ಬನಶಂಕರಿ ದೇವಸ್ಥಾನಕ್ಕೆ ಹೋಗಿ ಬಂದುಬಿಡೋಣ" ಅಂದರು. ಶುಕ್ರವಾರ ರಾಹುಕಾಲ ಹತ್ತೂವರೆಯಿಂದ ಹನ್ನೆರಡು, ಆ ಹೊತ್ತಿಗೆ ಅಲ್ಲಿ ನಿಂಬೆಹಣ್ಣಿನ ದೀಪ ಹಚ್ಚಬೇಕು. ಆಷಾಢ ಶುಕ್ರವಾರದ ಆ ಜನಸಂದಣಿ ನೋಡಿದವರಿಗೆ ಗೊತ್ತು. ಮನೆಗೆ ಬಂದಾಗ ಒಂದೂವರೆ. ಊಟ ಮುಗಿಸುವ ಹೊತ್ತಿಗೆ ಮಗಳು ಶಾಲೆಯಿಂದ ಬಂದಳು. 3,500 ರೂಪಾಯಿ ಮುಗಿಯಿತು.

ಎರಡನೇ ಶುಕ್ರವಾರ ವಾಟರ್ ಫಿಲ್ಟರ್ ಸರ್ವಿಸಿನವರು ಬಂದರು. ವರ್ಷಗಟ್ಟಲೆ ಶನಿವಾರ ಬರುತ್ತಿದ್ದವರು. "ಸಾರ್ ಹೇಳಿದ್ರು ಮೇಡಂ, ಶುಕ್ರವಾರ ಮನೇಲಿರ್ತಾರೆ ಅಂತ." ಸಾರ್ ಅದನ್ನು ಇನ್ನೂ ಎಷ್ಟು ಜನಕ್ಕೆ ಹೇಳಿದ್ದರೋ. ಮೂರನೇ ಶುಕ್ರವಾರ ಅತ್ತೆಯ ಕಣ್ಣಿನ ಪರೀಕ್ಷೆ. ನಾಲ್ಕನೆಯದು ಶ್ರಾವಣ ಶುರು, ಮನೆ ಸ್ವಚ್ಛ, ಹೊಸ್ತಿಲಿಗೆ ಅರಿಶಿನ ಕುಂಕುಮ, ಎಣ್ಣೆ ಸ್ನಾನ, ಸಜ್ಜಿಗೆ. ಅಪಾರ್ಟ್‌ಮೆಂಟಿನ ಸಂಪ್ ತೊಳೆಸುವಾಗ ನಿಂತು ನೋಡಿಕೊಳ್ಳಲು ಕಮಿಟಿಯವರಿಗೆ ಒಬ್ಬರು ಬೇಕಿತ್ತು, ಯಾರು ಸಿಕ್ಕಿದರು ಹೇಳಿ? ಆಗಸ್ಟ್ 8 ವರಮಹಾಲಕ್ಷ್ಮಿ. ಮೊದಲೆಲ್ಲ ಹಬ್ಬಕ್ಕೆ ಅರ್ಧ ದಿನ ರಜೆ ಹಾಕಿ ಐದು ಜನ ಮುತ್ತೈದೆಯರನ್ನು ಕರೆಯುತ್ತಿದ್ದೆವು. ಈ ಸಲ "ಈಗ ಟೈಮ್ ಇದೆಯಲ್ಲ" ಅಂತ ಇಪ್ಪತ್ತೆರಡು. ಆಗಸ್ಟ್ 15 ಕೂಡ ಶುಕ್ರವಾರವೇ ಬರಬೇಕಾ? ನಾನು ದುಡ್ಡು ಕೊಟ್ಟು ಕೊಂಡ ದಿನ ದೇಶಕ್ಕೆಲ್ಲ ಪುಕ್ಕಟೆ ರಜೆ.

ತಿಪಟೂರಿನಿಂದ ಅಮ್ಮ ಫೋನ್ ಮಾಡಿ, "ಶುಕ್ರವಾರ ರಜಾ ಅಂದ್ಮೇಲೆ ಗುರುವಾರ ರಾತ್ರಿ ಬಸ್ ಹತ್ತೋದಲ್ವೇನೇ? ಕೊಬ್ಬರಿ ವ್ಯಾಪಾರಕ್ಕೆ ನಿಮ್ಮಪ್ಪನ ಜೊತೆ ಹೋಗೋಕೆ ಯಾರೂ ಇಲ್ಲ" ಅಂದಳು. ಅಮ್ಮನಿಗೆ ಇಲ್ಲ ಅನ್ನೋದು ಕಷ್ಟ. ಎರಡು ಸಲ ಹೋದೆ.

ಆಫೀಸು ಬೇರೆ. ಸಂಬಳ ನಾಲ್ಕು ದಿನದ್ದು, ಕೆಲಸದ ಪಟ್ಟಿ ಐದು ದಿನದ್ದೇ. ಶುಕ್ರವಾರದ ಮೀಟಿಂಗನ್ನು "ನಿಮಗೋಸ್ಕರ" ಗುರುವಾರ ರಾತ್ರಿ ಒಂಬತ್ತಕ್ಕೆ ಹಾಕಿದರು. ಶುಕ್ರವಾರ ಬೆಳಿಗ್ಗೆ "ಒಂದೇ ಒಂದು ಪ್ರಶ್ನೆ ಮೇಡಂ, ಸಾರಿ" ಅಂತ ಮೆಸೇಜು. ಆ ಒಂದು ಪ್ರಶ್ನೆಗೆ ಲ್ಯಾಪ್‌ಟಾಪ್ ತೆರೆಯಬೇಕು, ತೆರೆದರೆ ಇನ್ನೂ ನಾಲ್ಕು ಕಾಣುತ್ತವೆ. ಆಗಸ್ಟಿನಲ್ಲಿ ಮತ್ತೆ ಚೌಕುಳಿ ಪುಸ್ತಕ ತೆಗೆದು ಎರಡು ವಾರ ಬರೆದೆ. ಆಫೀಸು 43 ಗಂಟೆ. ಮನೆಗೆಲಸ 24 ಇದ್ದದ್ದು 29. ನನ್ನದು ಮೂರು ಗಂಟೆ. ತಿಂಗಳಿಗೆ 15,200 ಕೊಟ್ಟು ವಾರಕ್ಕೆ ಅರ್ಧ ಗಂಟೆ ಸಂಪಾದಿಸಿದ್ದೆ. ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ನಾಚಿಕೆ ಏನು ಬಂತು, ಅತ್ತುಬಿಟ್ಟೆ.

ಯಾರ ಮೇಲೂ ಕೋಪ ಮಾಡಿಕೊಳ್ಳೋಕೆ ಆಗುತ್ತಿರಲಿಲ್ಲ, ಅದೇ ಕಷ್ಟ. ಅತ್ತೆಗೆ ನಿಜವಾಗಿಯೂ ಕಣ್ಣು ಮಂಜಾಗಿತ್ತು. ಫಿಲ್ಟರ್ ನಿಜವಾಗಿಯೂ ಕೆಟ್ಟಿತ್ತು. ಆದರೆ ಇದೇ ಶುಕ್ರವಾರ ನಾನು ಆಫೀಸಿನಲ್ಲಿದ್ದಾಗ ಈ ಯಾವ ಕೆಲಸಕ್ಕೂ ನನ್ನನ್ನು ಯಾರೂ ಕರೆದಿರಲಿಲ್ಲ. ಆಗ ನಾನು ದಿನಕ್ಕೆ ಐದು ಸಾವಿರದ ಹತ್ತಿರ ಸಂಪಾದಿಸುತ್ತಿದ್ದೆ, ಆ ಸಮಯಕ್ಕೆ ಬೇಲಿ ಇತ್ತು. ಈಗ ಅದೇ ದಿನಕ್ಕೆ ನಾನೇ ಕೈಯಿಂದ ಕೊಡುತ್ತಿದ್ದೇನೆ, ಆದರೆ ನೋಡುವವರ ಕಣ್ಣಿಗೆ ಅದು ಖಾಲಿ ಸೈಟು. ಖಾಲಿ ಸೈಟಿನಲ್ಲಿ ಯಾರು ಬೇಕಾದರೂ ಮರಳು ಸುರಿಯಬಹುದು.

ಈ ನಡುವೆ ಅಕ್ಕನ ಜೊತೆ ಒಂದು ಮಾತಾಯಿತು. ಒಂದು ಶುಕ್ರವಾರ ಅವರು ಪಾತ್ರೆ ತೊಳೆಯುತ್ತಿದ್ದಾಗ ನಾನು ಪಕ್ಕದಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ. "ನಿಮಗೆ ವಾರ ವಾರ ರಜಾ ಕೊಟ್ಟವ್ರಾ?" ಅಂದರು. ಕೊಟ್ಟಿಲ್ಲಕ್ಕ, ದುಡ್ಡು ಕೊಟ್ಟು ತಗೊಂಡೆ ಅಂದೆ. ಎಷ್ಟು ಅಂದರು. ಒಂದು ದಿನಕ್ಕೆ ಮೂರೂವರೆ ಸಾವಿರ ಅಂತ ಬಾಯಿಗೆ ಬಂತು, ಹೇಳುತ್ತಿರುವಾಗಲೇ ನಾಲಿಗೆ ಕಚ್ಚಿಕೊಂಡೆ. ನಾವು ಅವರಿಗೆ ಕೊಡುವುದು ತಿಂಗಳಿಗೆ ಮೂರೂವರೆ ಸಾವಿರ. ಅವರು ಬಾಣಲೆ ಉಜ್ಜುವುದು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನಕ್ಕರು. "ನಮ್ದೂ ಹಂಗೇ ಅಲ್ವಾ. ರಜಾ ಹಾಕಿದ್ರೆ ದುಡ್ಡು ಹೋಗ್ತದೆ. ನಿಮ್ಗೆ ಕಾಗದ ಕೊಡ್ತಾರೆ, ನಮ್ಗೆ ಬೈತಾರೆ."

ಆ ರಾತ್ರಿ ಲೆಕ್ಕ ಹಾಕದೆ ಇರಲು ಆಗಲಿಲ್ಲ. ದಿನಕ್ಕೆ 75 ನಿಮಿಷ, ತಿಂಗಳಿಗೆ 28 ದಿನ, 35 ಗಂಟೆ. ಗಂಟೆಗೆ 100 ರೂಪಾಯಿ. ನನ್ನದು, ಐದು ದಿನ ಇದ್ದಾಗಿನ ಲೆಕ್ಕ, ಗಂಟೆಗೆ 580. ಅಂಥ ಐದು ಮನೆ ಮಾಡುತ್ತಾರೆ ಅವರು. ಅವರ ಚೌಕುಳಿ ಪುಸ್ತಕ ಯಾರು ಬರೆಯುತ್ತಾರೆ? ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ಮಧ್ಯಾಹ್ನ ಎರಡೂವರೆಗೆ ಸೇರಿ, ಅಲ್ಲಿ ಮತ್ತೆ ತಮ್ಮ ಮನೆಯ ಪಾತ್ರೆ. ನನ್ನ 83 ನಿಮಿಷ ಅವರ ಎಷ್ಟನೇ ಚೌಕದಲ್ಲಿ ಬೀಳುತ್ತದೋ.

ಸೆಪ್ಟೆಂಬರಿನಲ್ಲಿ ಮ್ಯಾನೇಜರ್ ಹತ್ತಿರ ಹೋಗಿ ದಿನ ಬದಲಾಯಿಸಿಕೊಡಿ ಅಂದೆ. ಬುಧವಾರ. ಅವರಿಗೆ ಖುಷಿಯೇ ಆಯಿತು, ಶುಕ್ರವಾರ ಸಂಜೆ ಏನಾದರೂ ಮುರಿದುಬಿದ್ದರೆ ಒಬ್ಬರು ಸಿಗುತ್ತಾರಲ್ಲ. ಬುಧವಾರ ಯಾಕೆ ಅಂದರೆ, ಅದಕ್ಕೆ ನೆಂಟರಿಲ್ಲ. ನಮ್ಮ ಮನೆಯಲ್ಲಿ ಸೋಮವಾರ ಶಿವ, ಮಂಗಳವಾರ ಮತ್ತು ಶುಕ್ರವಾರ ದೇವಿ, ಗುರುವಾರ ರಾಯರು, ಶನಿವಾರ ಹನುಮಂತ. ಬುಧವಾರ ಯಾವ ವ್ರತವೂ ಇಲ್ಲ. ಹಿಂದೆ ಮುಂದೆ ರಜೆ ಅಂಟಿಕೊಂಡಿಲ್ಲ, ಹಾಗಾಗಿ ಊರಿಗೆ ಬಾ ಅನ್ನುವ ಹಾಗಿಲ್ಲ.

ಈ ಸಲ ಕಂಪನಿ ಮಾಡುವ ಹಾಗೆ ನಾನೂ ಬೇಲಿ ಹಾಕಿದೆ. ಮಂಗಳವಾರ ಸಂಜೆ ಲ್ಯಾಪ್‌ಟಾಪ್ ಆಫೀಸಿನ ಲಾಕರಿನಲ್ಲೇ ಇಟ್ಟು ಬರುತ್ತೇನೆ, ಗುರುವಾರ ಬೆಳಿಗ್ಗೆ ತೆಗೆದುಕೊಳ್ಳುತ್ತೇನೆ. ಫೋನಿನಿಂದ ಆಫೀಸಿನ ಆ್ಯಪ್ ತೆಗೆದೆ. ಟೀಮಿನ ಹುಡುಗರಿಗೆ, ಬೆಂಕಿ ಬಿದ್ದರೆ ಫೋನ್ ಮಾಡಿ, ಮೆಸೇಜ್ ಮಾಡಬೇಡಿ ಅಂದೆ. ಇಷ್ಟು ತಿಂಗಳಲ್ಲಿ ಎರಡು ಸಲ ಫೋನ್ ಬಂದಿದೆ. ಒಂದು ಸಲ ನಿಜವಾಗಿ ಬೆಂಕಿ. ಇನ್ನೊಂದು ಸಲ ಹೊಗೆ.

ಮನೆಯಲ್ಲಿ ಕಷ್ಟ ಜಾಸ್ತಿ. ಅತ್ತೆಗೆ ನೇರವಾಗಿ ಹೇಳಿದೆ, "ಅತ್ತೆ, ಬುಧವಾರ ಒಂಬತ್ತರಿಂದ ಮೂರು ನಾನು ಮನೇಲಿ ಇರಲ್ಲ." ಇರುತ್ತೇನಾ ಇಲ್ಲವಾ ಅನ್ನುವುದು ಬೇರೆ ಮಾತು. "ಎಲ್ಲಿಗೆ ಹೋಗ್ತೀಯ?" ಅಂದರು. ಹೊರಗೆ ಅಂದೆ. ಎರಡು ವಾರ ಮುಖ ದಪ್ಪ ಇತ್ತು. ಆಮೇಲೆ ಒಂದು ದಿನ ಪಕ್ಕದ ಮನೆಯವರಿಗೆ "ಬುಧವಾರ ಅವಳದು ಬೇರೆ ಡ್ಯೂಟಿ" ಅಂತ ಹೇಳುತ್ತಿದ್ದುದು ಕೇಳಿಸಿತು. ಡ್ಯೂಟಿ! ಆ ಪದ ನನಗೆ ಹೊಳೆದೇ ಇರಲಿಲ್ಲ. ಈಗ ನಾನೂ ಅದನ್ನೇ ಬಳಸುತ್ತೇನೆ. ಅಕ್ಕಪಕ್ಕದವರು ಒಬ್ಬರೂ ಏನು ಡ್ಯೂಟಿ ಅಂತ ಕೇಳಿಲ್ಲ.

ಬದಲಾಯಿಸಿದ ತಕ್ಷಣ ಆಯುಧಪೂಜೆ ಅಕ್ಟೋಬರ್ 1, ಬುಧವಾರ. ಬಲಿಪಾಡ್ಯಮಿ ಅಕ್ಟೋಬರ್ 22, ಬುಧವಾರ. ನನ್ನ ಹಣೆಬರಹದ ಪಂಚಾಂಗ ಯಾರು ಬರೆಯುತ್ತಾರೋ ಗೊತ್ತಿಲ್ಲ.

ಏನು ಮಾಡುತ್ತೇನೆ ಅಂತ ನೀವೂ ಕೇಳುತ್ತೀರಿ. ಮೊದಲ ಮೂರು ಬುಧವಾರ ರೂಮಿನ ಬಾಗಿಲು ಹಾಕಿಕೊಂಡು ಮಲಗಿದೆ. ಆಮೇಲೆ ಬಡಾವಣೆಯ ಸಾರ್ವಜನಿಕ ಗ್ರಂಥಾಲಯ. ಅಲ್ಲಿ ಪೇಪರ್ ಓದುವ ನಿವೃತ್ತ ಯಜಮಾನರ ಸಾಲಿನಲ್ಲಿ ನಾನೊಬ್ಬಳೇ ಹೆಂಗಸು, ಮೊದಲ ವಾರ ಎಲ್ಲರೂ ನೋಡಿದರು, ಮೂರನೇ ವಾರ ಒಬ್ಬರು ಪುರವಣಿ ನನ್ನ ಕಡೆ ತಳ್ಳಿದರು. ಒಂದು ದಿನ ಹಳದಿ ಮೆಟ್ರೋ ಹತ್ತಿ ಆರ್‌ವಿ ರಸ್ತೆಯಿಂದ ಬೊಮ್ಮಸಂದ್ರದ ತನಕ ಹೋಗಿ, ಇಳಿದ ತಕ್ಷಣ ಮತ್ತೆ ವಾಪಸ್ ಬಂದೆ. ಆಫೀಸಿಗೂ ಈಗ ಅದರಲ್ಲೇ ಹೋಗುವುದು. ಆಗಸ್ಟ್‌ನಲ್ಲಿ ಶುರುವಾದಾಗ 25 ನಿಮಿಷಕ್ಕೊಂದು ರೈಲು, ಒಂದು ತಪ್ಪಿದರೆ ಹೆಚ್ಚೂಕಮ್ಮಿ ನನ್ನ ಪುಸ್ತಕದ ಒಂದು ಚೌಕ ಹೋಯಿತು ಅಂತ ಲೆಕ್ಕ. ಆದರೂ ಓಡಾಟದ ವಾರದ 9 ಗಂಟೆ ಐದೂವರೆಗೆ ಇಳಿಯಿತು. ನಾನು ಮೂರು ತಿಂಗಳು ಒದ್ದಾಡಿ ಅರ್ಧ ಗಂಟೆ ಉಳಿಸಿದ್ದೆ, ರೈಲು ಬಂದು ಒಂದೇ ಏಟಿಗೆ ಮೂರೂವರೆ ಗಂಟೆ ಕೊಟ್ಟಿತು, ಅದೂ ಸಂಬಳ ಮುಟ್ಟದೆ. ಈ ಮಾತನ್ನು ಒಪ್ಪಿಕೊಳ್ಳದೆ ಹೋದರೆ ಪೂರ್ತಿ ಬರಹವೇ ಬಡಾಯಿ ಆಗುತ್ತದೆ. ಆ ಬುಧವಾರ ಕಿಟಕಿ ಪಕ್ಕ ಕೂತು ಮೇಲಿನಿಂದ ಸಿಲ್ಕ್ ಬೋರ್ಡ್ ನೋಡಿದೆ. ಕೆಳಗೆ ಕೆಂಪು ದೀಪಗಳ ಸಾಲು ಹಾಗೇ ಇತ್ತು. ಹನ್ನೊಂದು ವರ್ಷ ನಾನು ಅದರೊಳಗಿದ್ದೆ.

ನವೆಂಬರಿನಲ್ಲಿ ಪುಸ್ತಕ ಮೂರನೇ ಸಲ ತೆರೆದೆ. ನನ್ನದು ಎಂಟು ಗಂಟೆ. ಮನೆಗೆಲಸ 23. ಗಂಡನದ್ದು ದಿನಕ್ಕೆ 85 ನಿಮಿಷದಿಂದ 110ಕ್ಕೆ ಏರಿದೆ, ಬುಧವಾರ ರಾತ್ರಿಯ ಅಡುಗೆ ಅವರದು, ತಿಂಗಳಲ್ಲಿ ಎರಡು ಸಲ ಅದು ಹೋಟೆಲಿನಿಂದ ಬರುತ್ತದೆ, ನಾನು ನೋಡಿಯೂ ನೋಡದ ಹಾಗೆ ಇರುತ್ತೇನೆ. ಬೆಲೆ ಕಟ್ಟುವವರಿಗೆ: ಬಡ್ತಿ ಪಟ್ಟಿಯಲ್ಲಿ ಈ ವರ್ಷ ನನ್ನ ಹೆಸರು ಇರಲಿಲ್ಲ. ಇದಕ್ಕೇ ಅಂತ ಯಾರೂ ಹೇಳಲಿಲ್ಲ, ಅಲ್ಲ ಅಂತಲೂ ಹೇಳಲಿಲ್ಲ. ನನ್ನ ಜೊತೆ ಸೇರಿದವಳು ಈಗ ನನಗಿಂತ ಒಂದು ಮೆಟ್ಟಿಲು ಮೇಲೆ. ಅದು ಚುಚ್ಚುವ ದಿನಗಳಿವೆ, ಬುಧವಾರ ಕೂಡ.

ಡಿಸೆಂಬರಿನಲ್ಲಿ ಪ್ರಯೋಗ ಮುಗಿಯಿತು, ಮುಂದುವರಿಸುತ್ತೀರಾ ಅಂತ ಮೇಲ್ ಬಂತು. ಹೌದು ಅಂತ ಬರೆದೆ. ಈ ಸಲ ಕಾರಣದ ಜಾಗದಲ್ಲಿ "ವೈಯಕ್ತಿಕ" ಅಂತ ಹಾಕಿದೆ. ಪ್ರಶ್ನೆ ಬರಲಿಲ್ಲ.

ಜನವರಿಯಲ್ಲಿ ಅಕ್ಕ ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ, "ನಿಮ್ಮ ಬುಧವಾರ ನಂಗೂ ಕೊಡಿ" ಅಂದರು. ನನಗೆ ಅರ್ಥ ಆಗಲಿಲ್ಲ. ಬುಧವಾರ ಬರಲ್ಲ, ದುಡ್ಡು ಹಿಡಿಯಬಾರದು, ಅದು ಅವರ ಕೋರಿಕೆ. ಒಂದು ಮನೆ ಬಿಟ್ಟರೆ ಏನು ಉಪಯೋಗ ಅಂತ ಐದೂ ಮನೆಯಲ್ಲಿ ಕೇಳಿದ್ದರು. ನಮ್ಮನ್ನೂ ಸೇರಿಸಿ ಮೂರು ಮನೆಯವರು ಒಪ್ಪಿದ್ದೇವೆ. ಉಳಿದ ಎರಡು ಮನೆಗೆ ಹೋಗಿ ಹತ್ತು ಗಂಟೆಗೆಲ್ಲ ಮನೆ ಸೇರುತ್ತಾರೆ. ಆಮೇಲೆ ಏನು ಮಾಡ್ತೀರಕ್ಕ ಅಂತ ಬಾಯಿ ತುದಿಗೆ ಬಂದಿತ್ತು. ಕೇಳಲಿಲ್ಲ.

ಇವತ್ತು ಬುಧವಾರ. ನಿನ್ನೆ ರಾತ್ರಿಯ ಕುಕ್ಕರು, ಬೆಳಗಿನ ದೋಸೆ ಹಂಚು, ನಾಲ್ಕು ಲೋಟ, ಮಗಳ ಹಾಲಿನ ಬಟ್ಟಲು ಸಿಂಕಿನಲ್ಲಿವೆ. ಮೂರು ಗಂಟೆ ತನಕ ಅಲ್ಲೇ ಇರುತ್ತವೆ.